ಹದಿನೆಂಟು ನಿಮಿಷದ ದಾರಿ

ಸುಂದರೇಶನ ಬಾಯಿಂದ ಹೊರಡದ ಮಾತೊಂದಿತ್ತು. ‘ಅಣ್ಣ, ನನ್ನ ಕೈಲಾಗೋದಿಲ್ಲ.’ ಇಷ್ಟೇ. ಇದನ್ನು ಒಂದು ಸಲ ಅಂದುಬಿಟ್ಟಿದ್ದರೆ ಮುಂದಿನ ಯಾವ ರಾದ್ಧಾಂತವೂ ಆಗುತ್ತಿರಲಿಲ್ಲ. ಅಂದವರ ತಲೆಯೇನೂ ಹೋಗುವುದಿಲ್ಲ. ಆದರೆ ಸುಂದರೇಶನಿಗೆ ಹೋಗುತ್ತದೆಂದೇ ಅನ್ನಿಸಿತ್ತು.

ಅಗ್ರಹಾರದ ವಠಾರದಲ್ಲಿ ಹದಿನಾರು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ತಮ್ಮ ಮಗನ ಸಂಸಾರಕ್ಕೆ ಬೇಕೆಂದು ಬಿಡಿಸಿದರು. ಎರಡು ತಿಂಗಳ ಗಡುವು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೃಷ್ಣಮೂರ್ತಿಪುರಂನಲ್ಲಿದ್ದ ಅವನ ಅಣ್ಣ ಬಿಂದುಮಾಧವಯ್ಯನವರು ಓಡಾಡಿ ಚಾಮುಂಡಿಪುರಂನಲ್ಲಿ ಒಂದು ಮನೆ ನೋಡಿಯೇಬಿಟ್ಟರು. ಎರಡು ಕೋಣೆ, ಅಂಗಳದಲ್ಲಿ ನಲ್ಲಿ. ಸುಂದರೇಶನ ಕಚೇರಿಗೆ ನಡೆದರೆ ಕಾಲು ಗಂಟೆ, ಮಗಳು ಪಂಕಜಾಳ ಹೈಸ್ಕೂಲಿಗೆ ಅದಕ್ಕಿಂತ ಹತ್ತಿರ. ಬಾಡಿಗೆ ಮೂವತ್ತು ರೂಪಾಯಿ.

ಮೂವತ್ತು ಎಂದಾಗಲೇ ಸುಂದರೇಶ ಮನಸ್ಸಿನಲ್ಲೇ ಸಂಬಳದ ಲೆಕ್ಕ ಹಾಕಿದ, ಏಗುವಂತಿರಲಿಲ್ಲ. ಆದರೆ ಹೇಳುವುದು ಹೇಗೆ? ಅರಮನೆಯ ಊಳಿಗದಲ್ಲಿದ್ದ ತಂದೆ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಓದಿಸಿದವರು ಅಣ್ಣ, ಕೆಲಸಕ್ಕೆ ಸೇರಿಸಿದವರು ಅಣ್ಣ, ಮದುವೆ ಮಾಡಿದವರು ಅಣ್ಣ. ‘ಎಲ್ಲಾ ಸರಿಯಾಗಿ ನಡೀತಿದೆಯೇನೋ?’ ಎಂದು ಅವರು ಕೇಳಿದಾಗಲೆಲ್ಲ ‘ಏನೂ ತೊಂದರೆ ಇಲ್ಲ ಅಣ್ಣ’ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾನೆ. ಈಗ ಇದ್ದಕ್ಕಿದ್ದಂತೆ, ನಿಮ್ಮ ತಮ್ಮನಿಗೆ ಒಂದು ಮನೆ ಬಾಡಿಗೆ ಕೊಡುವ ಯೋಗ್ಯತೆಯೂ ಇಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

‘ನೋಡೋಣ ಅಣ್ಣ, ನಾನೂ ಒಂದೆರಡು ಕಡೆ ಹೇಳಿಟ್ಟಿದೀನಿ’ ಎಂದು ಜಾರಿಕೊಂಡ.

ಎಲ್ಲಿಯೂ ಹೇಳಿಟ್ಟಿರಲಿಲ್ಲ. ಅಂದಿನಿಂದ ಮೂರು ಭಾನುವಾರ ಸೈಕಲ್ ಹತ್ತಿ ಊರೆಲ್ಲ ಅಲೆದ. ಆ ಸೈಕಲ್ಲಿನ ವಿಷಯವನ್ನೂ ಹೇಳಿಬಿಡಬೇಕು. ಇಂಗ್ಲೆಂಡ್ ಸೀಮೆಗೆ ಹೊರಟುಹೋದ ದೊರೆಸಾನಿಯೊಬ್ಬಳ ಸಾಮಾನು ಹರಾಜಾದಾಗ ಕೊಂಡ ಲೇಡೀಸ್ ಸೈಕಲ್ ಅದು. ಗಂಡಸರು ಯಾರೂ ಕೂಗಲಿಲ್ಲವಾದ್ದರಿಂದ ಅಗ್ಗಕ್ಕೆ ಸಿಕ್ಕಿತ್ತು. ಕಚೇರಿಯವರು ನಕ್ಕರೆ ‘ಪಂಚೆಗೆ ಅನುಕೂಲ ಕಣ್ರೀ’ ಎನ್ನುತ್ತಿದ್ದ. ನಜರ್‌ಬಾದಿನಲ್ಲಿ ಇಪ್ಪತ್ತೈದು ಎಂದರು. ಇಟ್ಟಿಗೆಗೂಡು ಬಡಾವಣೆಯಲ್ಲಿ ಇಪ್ಪತ್ತೆರಡು, ಆದರೆ ಒಂದೇ ಕೋಣೆ, ಅದರಲ್ಲೂ ಮಾಲೀಕರ ಅಕ್ಕಿಮೂಟೆ. ಕೊನೆಗೆ ಯಾರೋ ಕೆಸರೆಯ ಹೆಸರು ಹೇಳಿದರು. ಊರಿನ ಬಡಗಣ ಅಂಚು, ಹೊಲ, ಇಟ್ಟಿಗೆ ಸುಡುವವರ ಗೂಡುಗಳು. ಕಚೇರಿ ಬಾಗಿಲಲ್ಲಿ ತಂದೆಯ ಕಾಲದ ಜೇಬುಗಡಿಯಾರ ತೆಗೆದು ನೋಡಿ ಸೈಕಲ್ ಹತ್ತಿದ. ಕೆಸರೆಯಲ್ಲಿ ಇಳಿದಾಗ ಹದಿನೆಂಟು ನಿಮಿಷ. ಬೆವರೂ ಬಂದಿರಲಿಲ್ಲ. ತಣ್ಣನೆ ಗಾಳಿ, ಪೆಡಲ್ ತುಳಿದದ್ದೇ ನೆನಪಿಲ್ಲ.

ಮನೆಯೊಡತಿ ಶಿವನಂಜಮ್ಮ, ಗೌಡರ ಪೈಕಿ, ಗಂಡ ಇಲ್ಲದ ಗಟ್ಟಿ ಹೆಂಗಸು. ತನ್ನ ಮನೆಯ ಪಕ್ಕದಲ್ಲೇ ಹೆಂಚಿನ ಮೂರು ಅಂಕಣದ ಮನೆ, ಹಿತ್ತಿಲಲ್ಲಿ ಬಾವಿ. ‘ಹನ್ನೆಲ್ಡು ರೂಪಾಯಿ ಕೊಡಿ ಸೋಮಿ. ಅಲ್ಲಿ ಎಂಗಿದ್ರೋ ಇಲ್ಲೂ ಅಂಗೇ ಇರಿ. ಬಾವಿ ನೀರು ಸಿಹಿ ಅಯ್ತೆ’ ಎಂದಳು. ಮಜ್ಜಿಗೆ ಕೊಟ್ಟಳು. ಮಾತಿನಲ್ಲಿ ಹೊತ್ತಾಯಿತು. ಅಷ್ಟರಲ್ಲಿ ಪೇಟೆಗೆ ಹೊರಟಿದ್ದ ಇಟ್ಟಿಗೆ ಗಾಡಿಯೊಂದನ್ನು ನಿಲ್ಲಿಸಿ, ‘ಅಯ್ನೋರ ಕೂರುಸ್ಕ, ಸೈಕಲ್ನೂ ಎತ್ಕ’ ಎಂದು ಅವಳೇ ಹತ್ತಿಸಿದಳು. ಸುಂದರೇಶ ಗಾಡಿಯ ಮುಂದೆ ಮೂಕಿಯ ಪಕ್ಕ ಕೂತು, ಹೊಸ ಮನೆಯ ಕನಸು ಕಾಣುತ್ತ ವಾಪಸಾದ. ಎತ್ತುಗಳು ಯಾಕೆ ಅಷ್ಟು ಮೆಲ್ಲಗೆ ಹೆಜ್ಜೆಯಿಡುತ್ತಿವೆ, ಗಾಡಿಯವನು ಯಾಕೆ ಇಳಿದು ನಡೆಯುತ್ತಿದ್ದಾನೆ ಎಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ.

‘ಕೆಸರೆಯೇ? ಅದು ಊರಾಚೆಯಲ್ಲವೇನೋ ಸುಂದರ?’ ಎಂದರು ಅಣ್ಣ.

‘ಹವಾ ಬಹಳ ಚೆನ್ನಾಗಿದೆ ಅಣ್ಣ. ವೇದಾಗೆ ಕೆಮ್ಮು ಬೇರೆ ಇದೆಯಲ್ಲ. ಅಪ್ಪನ ಗಡಿಯಾರ ಇಟ್ಕೊಂಡು ನೋಡಿದೀನಿ. ಹದಿನೆಂಟೇ ನಿಮಿಷ.’

ಹೆಂಡತಿ ವೇದವತಿಗೆ ಯಾವ ಕೆಮ್ಮೂ ಇರಲಿಲ್ಲ. ಪಕ್ಕದಲ್ಲೇ ಕೂತಿದ್ದ ಅವಳು ಗಂಡನ ಮುಖ ನೋಡಿ, ಮಾನ ಕಾಯಲಿಕ್ಕೆಂದು ಒಂದು ಸಲ ಕೆಮ್ಮಿದಳು.

ಮನೆ ಬದಲಾಯಿಸಿದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಸುಂದರೇಶನಿಗೆ ಕೆಸರೆಯ ದಾರಿಯ ನಿಜರೂಪ ತಿಳಿಯಿತು. ಬರುವಾಗ ಇಳಿಜಾರಾದದ್ದು ಹೋಗುವಾಗ ಏರು. ನಲವತ್ತೈದು ದಾಟಿದ ಎದೆ, ಕ್ಲೋಸ್ ಕೋಟು, ತಲೆಗೆ ಪೇಟ, ಕ್ಯಾರಿಯರಿನಲ್ಲಿ ಮಗಳು. ಫರ್ಲಾಂಗು ಹೋಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಮಗಳನ್ನು ಇಳಿಸಿದ. ಇನ್ನೊಂದು ಫರ್ಲಾಂಗಿಗೆ ತಾನೂ ಇಳಿದ. ಸೈಕಲ್ ತಳ್ಳಿಕೊಂಡು ಕಚೇರಿ ಮುಟ್ಟಿದಾಗ ಗಡಿಯಾರ ಐವತ್ತು ನಿಮಿಷ ತೋರಿಸಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಬಿದ್ದಿತ್ತು. ಮೂರು ಕೆಂಪು ಗೆರೆಗೆ ಒಂದು ದಿನದ ರಜೆ ಖೋತಾ. ಪಂಕಜಾ ಆ ದಿನ ಮೊದಲ ಪೀರಿಯಡ್ ಪೂರ್ತಿ ಕ್ಲಾಸಿನ ಹೊರಗೆ ನಿಂತಿದ್ದಳು.

ಬೇರೆ ದಾರಿ ಹುಡುಕಲಿಲ್ಲವೆಂದಲ್ಲ. ಬಸ್ಸು ಇತ್ತು, ಒಂದು ಬೆಳಗಾಗುವ ಮುಂಚೆ, ಇನ್ನೊಂದು ಕಚೇರಿ ಬಾಗಿಲು ತೆರೆದು ಗಂಟೆಯಾದ ಮೇಲೆ. ಜಟಕಾದ ಹುಚ್ಚಯ್ಯನನ್ನು ಕೇಳಿದರೆ, ‘ಖಾಲಿ ಗಾಡಿ ಹೊಡ್ಕಂಡು ವಾಪಸ್ ಬರ್ಬೇಕಲ್ಲ ಸೋಮಿ, ತಿಂಗ್ಳಿಗೆ ಹದಿನೆಂಟು ಕೊಟ್ಬುಡಿ’ ಎಂದ. ಬಾಡಿಗೆಯಲ್ಲಿ ಉಳಿದದ್ದೆಲ್ಲ ಅಲ್ಲಿಗೆ ಚುಕ್ತಾ. ನಡೆದು ಹೋಗೋಣವೆಂದರೆ ಪಂಕಜಾ ಏಳಕ್ಕೇ ಮನೆ ಬಿಡಬೇಕು, ನೀರು ನಿಡಿ ಸೇದುವವರಿಲ್ಲ. ಚಾಮುಂಡಿಪುರಂನ ಮನೆಗೆ ಆಗಲೇ ಬೇರೆಯವರು ಬಂದಿದ್ದರು. ಬಂದಿರದಿದ್ದರೂ ಅಷ್ಟೇ. ‘ಅಣ್ಣ, ನಾನು ಇಳಿಜಾರಿನಲ್ಲಿ ಗಡಿಯಾರ ನೋಡ್ಬುಟ್ಟೆ’ ಎಂದು ಹೇಳುವುದಕ್ಕಿಂತ ದಿನಾ ಏರು ಹತ್ತಿ ಸಾಯುವುದೇ ಮೇಲು ಎಂದುಕೊಂಡ.

ಪರಿಹಾರ ಕಂಡುಹಿಡಿದವಳು ಪಂಕಜಾ. ಶಿವನಂಜಮ್ಮನ ಮನೆಯ ಹಿಂದೆ ಸಗಣಿ ಸಾರಿಸಿದ ಕಣ. ಸಾಯಂಕಾಲ ಅಪ್ಪನ ಸೈಕಲ್ ತೆಗೆದುಕೊಂಡು ಅಲ್ಲಿ ಬಿದ್ದೂ ಎದ್ದೂ ಹದಿನೈದು ದಿನದಲ್ಲಿ ಕಲಿತುಬಿಟ್ಟಳು. ‘ತುಳಿ ಮಗ, ಎಡಕ್ ನೋಡ್ಬ್ಯಾಡ, ಬಲಕ್ ನೋಡ್ಬ್ಯಾಡ’ ಎಂದು ಶಿವನಂಜಮ್ಮ ಜಗಲಿಯಿಂದಲೇ ಹೇಳಿಕೊಡುತ್ತಿದ್ದಳು. ಒಂದು ಬೆಳಿಗ್ಗೆ, ಏರಿನ ಬುಡದಲ್ಲಿ ಅಪ್ಪ ಏದುಸಿರು ಬಿಡುತ್ತ ನಿಂತಾಗ ಪಂಕಜಾ ಹ್ಯಾಂಡಲ್ ಹಿಡಿದಳು.

‘ಹಿಂದೆ ಕೂತ್ಕೊಳ್ಳಿ ಅಪ್ಪ. ನಾನು ತುಳೀತೀನಿ.’

‘ಹುಚ್ಚು ಹಿಡೀತೇನೇ? ಯಾರಾದ್ರೂ ನೋಡಿದ್ರೆ?’

‘ಇಲ್ಲಿ ಯಾರು ಇದಾರೆ ನೋಡೋಕೆ? ಗೂಡಿನವರು ತಾನೇ.’

ಅವಳಿಗೆ ಹದಿನೈದು ತುಂಬಿತ್ತು. ಲಂಗದ ತುದಿ ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ತುಳಿದಳು. ಸುಂದರೇಶ ಹಿಂದೆ ಕೂತ. ಸೈಕಲ್ ಓಲಾಡಿತು, ಆದರೆ ನಿಲ್ಲಲಿಲ್ಲ. ಕಚೇರಿಗೆ ಅವನು ಐದು ನಿಮಿಷ ಮೊದಲೇ ತಲುಪಿದ.

ಅಂದಿನಿಂದ ಅದೇ ಪದ್ಧತಿಯಾಯಿತು. ಏರು ಮುಗಿಯುವಲ್ಲಿ ಒಂದು ಅರಳಿಕಟ್ಟೆ ಇತ್ತು; ಅಲ್ಲಿಂದಾಚೆ ಊರು. ಕಟ್ಟೆಯ ತನಕ ಮಗಳು ತುಳಿಯುವುದು, ಅಪ್ಪ ಕ್ಯಾರಿಯರಿನಲ್ಲಿ. ಕಟ್ಟೆಯ ಹತ್ತಿರ ಅವಳು ಇಳಿದು ಪುಸ್ತಕದ ಚೀಲ ತೆಗೆದುಕೊಂಡು ನಡೆದೇ ಸ್ಕೂಲಿಗೆ ಹೋಗುವುದು, ಇವನು ಪೇಟ ಸರಿಮಾಡಿಕೊಂಡು ಗಂಭೀರವಾಗಿ ಸೈಕಲ್ ಹತ್ತಿ ಕಚೇರಿಗೆ ಹೋಗುವುದು. ಇದು ಅವನ ನಿಯಮ. ದಾರಿಯಲ್ಲಿ ಅವಳ ಚೀಲ ಅವನ ಹೆಗಲಲ್ಲಿರುತ್ತಿತ್ತು. ಅವನು ಚರಿತ್ರೆಯ ಪುಸ್ತಕ ಬಿಡಿಸಿಕೊಂಡು ಪ್ರಶ್ನೆ ಕೇಳುತ್ತಿದ್ದ, ಅವಳು ತುಳಿಯುತ್ತ ಏದುಸಿರಿನಲ್ಲೇ ಇಸವಿಗಳನ್ನು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಅವನು ಸಂತೋಷವಾಗಿರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದರೂ ಮಗಳೊಡನೆ ಅಷ್ಟು ಮಾತಾಡಿರಲಿಲ್ಲ.

ಎರಡು ತಿಂಗಳು ಹೀಗೆ ನಡೆಯಿತು. ಮೂರನೆಯ ತಿಂಗಳು ಬಿಂದುಮಾಧವಯ್ಯನವರಿಗೆ ಅರವತ್ತು ತುಂಬಿ, ಮನೆಯಲ್ಲಿ ಶಾಂತಿ ಇಟ್ಟುಕೊಂಡರು. ಒಡಹುಟ್ಟಿದವನಾದರೂ ಗಂಡಹೆಂಡಿರು ಖುದ್ದಾಗಿ ಹೋಗಿ, ಅಕ್ಷತೆ ಕೊಟ್ಟು ಕರೆಯಬೇಕಲ್ಲ. ಗುರುವಾರ ಬೆಳಿಗ್ಗೆ, ರಾಹುಕಾಲಕ್ಕೆ ಮುಂಚೆ, ಹದಿನೆಂಟು ನಿಮಿಷದ ಆ ಮನೆಯನ್ನೂ ನೋಡಿದಂತಾಯಿತು ಎಂದು ಹೆಂಡತಿ ಕಮಲಮ್ಮನೊಡನೆ ಜಟಕಾ ಹತ್ತಿ ಹೊರಟರು.

ಏರಿನ ಮಧ್ಯದಲ್ಲಿ ಸುಂದರೇಶನಿಗೆ ಜಟಕಾದ ಸದ್ದು ಕೇಳಿಸಿತು. ಮಗಳ ಭುಜದ ಪಕ್ಕದಿಂದ ಇಣುಕಿ ನೋಡಿದ. ಇಳಿದು ಬರುತ್ತಿದ್ದ ಗಾಡಿಯ ಮುಂದಿನ ಪಟ್ಟಿಯಲ್ಲಿ ಅಣ್ಣನ ಜರಿಪೇಟ.

ಅವನೇನೂ ಯೋಚಿಸಲಿಲ್ಲ. ಯೋಚಿಸಿ ಮಾಡಿದ್ದರೆ ಇಷ್ಟು ನೀಚಕೆಲಸ ಅವನಿಂದ ಆಗುತ್ತಿರಲಿಲ್ಲ ಎಂದು ಅವನ ಪರವಾಗಿ ಅಷ್ಟು ಮಾತ್ರ ಹೇಳಬಹುದು. ಕ್ಯಾರಿಯರಿನಿಂದ ಧುಮುಕಿದ. ನಾಲ್ಕು ಹೆಜ್ಜೆ ಹಿಂದುಳಿದ. ಆಮೇಲೆ ಅಟ್ಟಿಸಿಕೊಂಡು ಬಂದವನ ಹಾಗೆ ಓಡಿಬಂದು ಸೈಕಲ್ಲಿನ ಸೀಟು ಹಿಡಿದು ಎಳೆದ.

‘ಇಳಿಯೇ ಕೆಳಗೆ! ಯಾರನ್ನ ಕೇಳಿ ಸೈಕಲ್ ಮುಟ್ಟಿದೆ? ಇಷ್ಟು ದೊಡ್ಡ ಹುಡುಗಿ ಬೀದೀಲಿ ಸೈಕಲ್ ತುಳಿಯೋದಕ್ಕೆ ನಾಚಿಕೆ ಆಗೋದಿಲ್ವಾ?’

ಪಂಕಜಾ ಇಳಿದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ನಿಂತ ಜಟಕಾ ಕಂಡಿತು, ದೊಡ್ಡಪ್ಪ ದೊಡ್ಡಮ್ಮ ಕಂಡರು. ಅಪ್ಪನ ಮುಖವನ್ನು ಒಂದೇ ಒಂದು ಸಲ ನೋಡಿದಳು.

‘ಏನೋ ಇದು ಸುಂದರ?’ ಎಂದರು ಅಣ್ಣ.

‘ಹೇಳಿದ ಮಾತು ಕೇಳೋದಿಲ್ಲ ಅಣ್ಣ ಇವಳು. ನಾನು ಪೇಟ ಸುತ್ಕೊಳ್ಳೋ ಅಷ್ಟರಲ್ಲಿ ಸೈಕಲ್ ತಗೊಂಡು ಹೊರಟುಬಿಟ್ಲು. ಹಿಂದಿಂದ ಓಡಿಬಂದೆ.’

ಅವಳ ಪುಸ್ತಕದ ಚೀಲ ಆಗಲೂ ಅವನ ಹೆಗಲಿನಲ್ಲೇ ಇತ್ತು. ಪಂಕಜಾ ಹತ್ತಿರ ಬಂದು ಅವನ ಹೆಗಲಿನಿಂದ ಚೀಲ ಬಿಡಿಸಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಏರು ಹತ್ತಿ ನಡೆದುಹೋದಳು.

ಕಮಲಮ್ಮ ಗಾಡಿಯಿಂದಲೇ, ‘ಹೆಣ್ಣುಮಕ್ಕಳನ್ನ ಊರಾಚೆ ಇಟ್ಟು ಬೆಳೆಸಿದರೆ ಹೀಗೇ ಕಣಪ್ಪ. ನಂಜನಗೂಡಿನಲ್ಲಿ ನಮ್ಮ ತವರಿನ ಕಡೆ ಒಂದು ಗಂಡಿದೆ, ಅಶ್ವತ್ಥ ಅಂತ, ರೈಲ್ವೆ ಕೆಲಸ. ಸ್ಕೂಲು ಗೀಲು ಸಾಕು, ಜಾತಕ ಕೊಡು’ ಎಂದರು.

ಸುಂದರೇಶ ‘ಹೂಂ’ ಎಂದ. ಆ ಹೂಂಕಾರವನ್ನು ನೆನೆದರೆ ಮುಂದೆ ಎಷ್ಟೋ ವರ್ಷ ಅವನಿಗೆ ತನ್ನ ನಾಲಗೆಯನ್ನೇ ಕಿತ್ತುಹಾಕಬೇಕೆನ್ನಿಸುತ್ತಿತ್ತು.

ಮರುದಿನದಿಂದ ಪಂಕಜಾ ಏಳು ಗಂಟೆಗೇ ಮನೆ ಬಿಟ್ಟಳು. ನಾಲ್ಕೂವರೆಗೆ ಎದ್ದು ನೀರು ಸೇದಿಟ್ಟು, ರಾತ್ರಿಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ತಿಂದು ಹೊರಡುತ್ತಿದ್ದಳು. ಸುಂದರೇಶ ಒಬ್ಬನೇ ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದ. ಹಾಜರಿ ಪುಸ್ತಕದಲ್ಲಿ ಮತ್ತೆ ಕೆಂಪು ಗೆರೆ. ‘ಬಾ, ಕೂತ್ಕೋ’ ಎಂದು ಒಂದು ದಿನ ಕರೆದ. ‘ಬೇಡ ಅಪ್ಪ’ ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಬಿಟ್ಟಿ ಸಿಕ್ಕ ಉಪಕಾರವನ್ನು ಬೇಡವೆನ್ನುವ ಹೊರಗಿನವರ ಹಾಗೆ ಹೇಳಿದಳು. ಅದೇ ಅವನನ್ನು ಹೆಚ್ಚು ಸುಟ್ಟಿತು.

ವೇದವತಿಗೆ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಅಂದು ಜಟಕಾ ನೇರವಾಗಿ ಮನೆಗೇ ಬಂದಿತ್ತು. ನಿನ್ನ ಮಗಳು ಅಪ್ಪನಿಗೆ ಗೊತ್ತಿಲ್ಲದ ಹಾಗೆ ಸೈಕಲ್ ಕದ್ದು ಓಡಿಸುತ್ತಾಳೆ ಎಂದು ಭಾವ ಓರಗಿತ್ತಿ ಬುದ್ಧಿ ಹೇಳಿ ಹೋಗಿದ್ದರು. ದಿನಾ ಬಾಗಿಲಲ್ಲಿ ನಿಂತು ಇಬ್ಬರನ್ನೂ ಕಳಿಸುತ್ತಿದ್ದವಳು ಅವಳು. ಒಂದು ವಾರ ಕಾದಳು. ಆಮೇಲೆ ಅನ್ನ ಬಡಿಸುತ್ತ ಕೇಳಿದಳು.

‘ಏನೂಂದ್ರೆ, ನೀವು ಹೇಳ್ತೀರೋ, ನಾನು ಹೇಳ್ಲೋ?’

‘ನಾನೇ ಹೇಳ್ತೀನಿ.’

‘ಯಾವಾಗ?’

‘ಶಾಂತಿ ಮುಗೀಲಿ. ಶುಭಕಾರ್ಯದ ಮನೆ, ಅಣ್ಣನ ಮನಸ್ಸು ಯಾಕೆ ಕೆಡಿಸೋದು?’

ಅಣ್ಣನ ಮನಸ್ಸಿನ ಮೇಲೆ ಅವನಿಗೆ ಎಷ್ಟು ಕಾಳಜಿ ನೋಡಿ! ಹೆಂಡತಿ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಶಾಂತಿಯ ದಿನ ಊಟ ಮುಗಿದ ಮೇಲೆ ನಡುಮನೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಮಕ್ಕಳು ಮರಿಗಳೆಲ್ಲ ಒಬ್ಬೊಬ್ಬರಾಗಿ ಬಂದು ಬಿಂದುಮಾಧವಯ್ಯನವರ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ಪಂಕಜಾಳ ಸರದಿ ಬಂತು. ಅವಳು ಬಗ್ಗುವಾಗ ಅವರು ತಡೆದರು.

‘ನನಗೆ ಆಮೇಲೆ ಮಾಡುವಿಯಂತೆ ಮಗು. ಮೊದಲು ನಿಮ್ಮಪ್ಪನಿಗೆ ಮಾಡು. ತಪ್ಪಾಯ್ತು, ಇನ್ನು ನಿಮ್ಮ ಮಾತು ಮೀರೋದಿಲ್ಲ ಅಂತ ಹೇಳು. ಹೆತ್ತವರ ಮನಸ್ಸು ನೋಯಿಸಿ ನನ್ನ ಆಶೀರ್ವಾದ ತಗೊಂಡು ಏನು ಬಂತು?’

ಅವರು ಗದರಿಸಿ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಇಪ್ಪತ್ತು ಜನರೂ ತಿರುಗಿ ನೋಡಿದರು. ಕಮಲಮ್ಮ ಯಾರ ಕಿವಿಯಲ್ಲೋ ಸೈಕಲ್ಲಿನ ಕಥೆ ಶುರುಮಾಡಿದರು. ಕಂಬಕ್ಕೆ ಒರಗಿ ಕೂತಿದ್ದ ಸುಂದರೇಶ ಎದ್ದು ನಿಂತ. ಹೇಳಬೇಕೆಂದೇ ಎದ್ದ. ಬಾಯಿ ತೆರೆದ. ಶಲ್ಯ ಸರಿಮಾಡಿಕೊಂಡ. ಪಂಕಜಾ ನೆಲ ನೋಡಿಕೊಂಡು ಮೆಲ್ಲಗೆ ನಡೆದು ಬಂದಳು. ಅಷ್ಟು ದೂರ ಅವಳು ನಡೆದು ಬರುವಷ್ಟು ಹೊತ್ತೂ ಅವನಿಗೆ ಅವಕಾಶವಿತ್ತು. ಅವಳು ಮಂಡಿಯೂರಿದಳು. ಹಣೆ ಅವನ ಪಾದಕ್ಕೆ ತಾಗಿತು, ತಣ್ಣಗಿತ್ತು.

‘ತಪ್ಪಾಯ್ತು ಅಪ್ಪ.’

ಹಿರಿಯರಾದವರು ಆಗ ಏನಾದರೂ ಒಂದು ಒಳ್ಳೆಯ ಮಾತು ಆಡಿ ಎಬ್ಬಿಸಬೇಕು. ಸುಂದರೇಶ ಮಗಳ ಬೈತಲೆ ನೋಡುತ್ತ ನಿಂತ. ಅವಳು ಏಳದೆ ಹಾಗೇ ಇದ್ದಳು. ಕೊನೆಗೆ ಅವನು ಅಲ್ಲೇ ಕುಸಿದು ಕೂತ.

‘ಅಣ್ಣ, ಅವಳು ಕದ್ದು ಓಡಿಸಲಿಲ್ಲ. ನಾನು ಹಿಂದೆ ಕೂತಿದ್ದೆ.’

‘ಏನಂದೆ?’

‘ಕ್ಯಾರಿಯರಿನಲ್ಲಿ. ದಿನಾ ಅವಳೇ ತುಳೀತಿದ್ದಳು. ನನಗೆ ಆ ಏರು ಹತ್ತೋಕಾಗಲ್ಲ ಅಣ್ಣ. ನಿಮ್ಮ ಗಾಡಿ ನೋಡಿ ಹಾರಿಬಿಟ್ಟೆ. ಅವಳ ಮೇಲೆ ಹಾಕ್ಬುಟ್ಟೆ. ಹದಿನೆಂಟು ನಿಮಿಷ ಅಂದದ್ದೂ ಸುಳ್ಳು. ಅದು ಬರೋವಾಗ, ಇಳಿಜಾರಿನಲ್ಲಿ. ವೇದಾಗೆ ಕೆಮ್ಮಿಲ್ಲ. ಮೂವತ್ತು ರೂಪಾಯಿ ಬಾಡಿಗೆ ನನ್ನ ಕೈಲಾಗ್ತಿರಲಿಲ್ಲ. ಅದಕ್ಕೇ ಕೆಸರೆಗೆ ಹೋದೆ.’

ಹೊರಡದಿದ್ದ ಮಾತು ಹೊರಟಿತು. ಹಿಂದೆ ಯಾರೋ ಕಿಸಕ್ಕೆಂದರು. ಕ್ಲೋಸ್ ಕೋಟು ತೊಟ್ಟ ಗಂಡಸನ್ನು ಮಗಳು ಹಿಂದೆ ಕೂರಿಸಿಕೊಂಡು ಹೋಗುವುದನ್ನು ಕಣ್ಣಮುಂದೆ ತಂದುಕೊಂಡಿರಬೇಕು. ಬಿಂದುಮಾಧವಯ್ಯನವರು ನಗಲಿಲ್ಲ.

‘ಶುಭದಿನ ಮಗು ಕೈಲಿ ಮಾಡದ ತಪ್ಪಿಗೆ ನಮಸ್ಕಾರ ಮಾಡಿಸ್ಬುಟ್ಟೆನಲ್ಲೋ’ ಎಂದರು. ದನಿ ಬಿದ್ದುಹೋಗಿತ್ತು. ‘ಬಾಡಿಗೆ ಕೊಡೋಕಾಗಲ್ಲ ಅಂತ ನನ್ನ ಹತ್ರ ಹೇಳೋಕೆ ನಿನಗೇನಾಗಿತ್ತೋ? ನಾನು ಅಷ್ಟು ಹೊರಗಿನವನೇನೋ?’ ಆಮೇಲೆ ಪಂಕಜಾಳ ಕಡೆ ತಿರುಗಿದರು. ‘ನೀನಾದ್ರೂ ಅವತ್ತೇ ಹೇಳ್ಬಾರದಾಗಿತ್ತೇನೇ?’

ಪಂಕಜಾ ಎದ್ದು ದಾವಣಿಯ ಸೆರಗು ಸರಿಮಾಡಿಕೊಂಡಳು.

‘ಅಪ್ಪ ಹೇಳ್ತಾರೆ ಅಂದ್ಕೊಂಡಿದ್ದೆ ದೊಡ್ಡಪ್ಪ’ ಎಂದಳು. ‘ದಿನಾ ಅಂದ್ಕೋತಿದ್ದೆ.’

ಜಾತಕದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬೇರೆ ಮನೆ ನೋಡೋಣ, ನಾನೂ ಒಂದಿಷ್ಟು ಸೇರಿಸುತ್ತೇನೆ ಎಂದರು ಅಣ್ಣ. ‘ಅವಳ ಪರೀಕ್ಷೆ ಮುಗಿಯೋವರೆಗೆ ಅಲ್ಲೇ ಇರ್ತೀವಿ ಭಾವ’ ಎಂದಳು ವೇದವತಿ. ಸುಂದರೇಶ ಯಾರ ಮುಖವನ್ನೂ ನೋಡಲಿಲ್ಲ. ಕೆಸರೆಗೆ ವಾಪಸಾಗುವಾಗ ಪಾದದ ಮೇಲೆ ಆ ಹಣೆ ತಾಗಿದ ಜಾಗ ಇನ್ನೂ ತಣ್ಣಗಿದ್ದ ಹಾಗೆ ಅವನಿಗೆ ಅನ್ನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಅವನು ಏಳು ಗಂಟೆಗೇ ಕೋಟು ತೊಟ್ಟು ಸೈಕಲ್ ಹಿಡಿದು ಬಾಗಿಲಲ್ಲಿ ನಿಂತ. ಪಂಕಜಾ ಹೊರಬಂದಳು. ಅವನು ಹ್ಯಾಂಡಲನ್ನು ಅವಳ ಕಡೆ ತಿರುಗಿಸಿದ. ಅವಳು ಹ್ಯಾಂಡಲನ್ನಷ್ಟೇ ನೋಡಿದಳು. ಆಮೇಲೆ ಚೀಲವನ್ನು ಕೊಟ್ಟು ಲಂಗದ ತುದಿ ಸಿಕ್ಕಿಸಿಕೊಂಡಳು. ‘ಬಿದ್ಗಿದ್ದೀರಿ ಸೋಮಿ, ಗಟ್ಯಾಗ್ ಇಡ್ಕಳಿ’ ಎಂದು ಶಿವನಂಜಮ್ಮ ಜಗಲಿಯಿಂದ ಕೂಗಿದಳು.

ಏರಿನುದ್ದಕ್ಕೂ ಚರಿತ್ರೆಯ ಪುಸ್ತಕ ಚೀಲದಲ್ಲೇ ಇತ್ತು, ಕೇಳುವ ಧೈರ್ಯ ಅವನಿಗಿರಲಿಲ್ಲ. ಅರಳಿಕಟ್ಟೆ ಬಂತು. ಅಭ್ಯಾಸಬಲದಿಂದ ಪಂಕಜಾ ಕಾಲು ಊರಿ ನಿಲ್ಲಿಸಿದಳು.

‘ನಿಲ್ಲಿಸಬೇಡ, ಹೋಗು’ ಎಂದ ಸುಂದರೇಶ.

‘ಇಲ್ಲಿಂದ ಊರು ಅಪ್ಪ. ಕಚೇರಿಯವರೆಲ್ಲ ನೋಡ್ತಾರೆ.’

‘ನೋಡ್ಲಿ.’

ಅವಳು ತಿರುಗಿ ಅವನ ಮುಖ ನೋಡಿದಳು. ಆ ಗುರುವಾರದ ನಂತರ ಅವಳು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

‘ನಿಮಗೆ ನಾಚಿಕೆ ಆಗೋದಿಲ್ವಾ?’

‘ಆಗುತ್ತೆ ಮಗು’ ಎಂದ. ‘ತುಂಬಾ ಆಗುತ್ತೆ. ತುಳಿ.’

ಪೇಟೆಯ ದೊಡ್ಡ ಗಡಿಯಾರದ ಗೋಪುರದ ಹತ್ತಿರ ಅವನ ಕಚೇರಿಯ ಇಬ್ಬರು ಬೆಳಗಿನ ಕಾಫಿ ಕುಡಿದು ಹೊರಗೆ ನಿಂತಿದ್ದರು. ಒಬ್ಬ, ‘ಏನ್ರೀ ಸುಂದರೇಶಯ್ಯ, ಸಾರೋಟು ಜೋರಾಗಿದೆ!’ ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ. ಸುಂದರೇಶನ ಕಿವಿ ಕಾದು ಕೆಂಪಾಯಿತು. ಕಾಲು ತಾನಾಗಿಯೇ ನೆಲ ಹುಡುಕಿತು. ಅವನು ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹಾಗೆಯೇ ಕೂತಿದ್ದ.